ಅಶೋಕನ ಕ್ರೌರ್ಯ ಮತ್ತು ವಿವೇಕ: ಶಾಸನಗಳ ಸಾಕ್ಷ್ಯ

ಮೌರ್ಯ ಚಕ್ರವರ್ತಿ ಅಶೋಕನನ್ನು (ಸು. ಕ್ರಿ.ಪೂ. 268–232) ಕುರಿತ ಆಕರಗಳು ಮುಖ್ಯವಾಗಿ ಎರಡು ಬಗೆಯವು: ಅವನೇ ಬರೆಸಿದ ಶಾಸನಗಳು ಮತ್ತು ಅವನು ತೀರಿಕೊಂಡು ಶತಮಾನಗಳು ಕಳೆದ ಮೇಲೆ ರೂಪುಗೊಂಡ ಬೌದ್ಧ ಕಥನಗಳು. ಕ್ರೂರಿ ಅಶೋಕನ ಚಿತ್ರ ಬಹುಪಾಲು ಈ ಕಥನಗಳದ್ದು. ಸಿಂಹಳದ ವೃತ್ತಾಂತಗಳಲ್ಲಿ ಅವನು 99 ಸೋದರರನ್ನು ಕೊಂದು ಪಟ್ಟವೇರುತ್ತಾನೆ. ‘ಅಶೋಕಾವದಾನ’ದಲ್ಲಿ ಗಿರಿಕನೆಂಬ ಕಟುಕನಿಗಾಗಿ ಯಾತನಾಗೃಹ ಕಟ್ಟಿಸುತ್ತಾನೆ. ಧರ್ಮದ ಮಹಿಮೆಯನ್ನು ಎತ್ತಿ ತೋರಿಸಬೇಕಿದ್ದ ಕಥೆಗಾರರಿಗೆ ದೊರೆಯ ಪೂರ್ವಜೀವನ ಕರಾಳವಾಗಿರಬೇಕಿತ್ತು. ಐದನೆಯ ಬಂಡೆಶಾಸನವಾದರೋ ರಾಜನ ಸೋದರ ಸೋದರಿಯರ ಅಂತಃಪುರಗಳಲ್ಲಿ ಧರ್ಮಪಾಲನೆಯ ಅಧಿಕಾರಿಗಳಾದ ಧರ್ಮಮಹಾಮಾತ್ರರು ಕೆಲಸ ಮಾಡುತ್ತಿದ್ದುದನ್ನು ಹೇಳುತ್ತದೆ; ಅಂದರೆ ಸೋದರರ ಕುಟುಂಬಗಳು ಆಗಲೂ ಇದ್ದವು. ಪಟ್ಟಕ್ಕಾಗಿ ರಕ್ತ ಹರಿಯಲೇ ಇಲ್ಲವೆಂದು ಇದರಿಂದ ಸಿದ್ಧವಾಗದು. 99ರ ಲೆಕ್ಕವನ್ನಂತೂ ನಂಬಲಾಗದು. ಬೌದ್ಧನಾದ ಮೇಲೂ ಅವನು ಪುಂಡ್ರವರ್ಧನದಲ್ಲಿ ಆಜೀವಿಕ ಪಂಥದ 18,000 ಜನರನ್ನು ಕೊಲ್ಲಿಸಿದನೆಂದು ‘ಅಶೋಕಾವದಾನ’ ಹೇಳುತ್ತದೆ. ಆದರೆ ಗಯೆಯ ಬಳಿಯ ಬರಾಬರ್ ಬೆಟ್ಟದ ಶಾಸನಗಳು ಅದೇ ಆಜೀವಿಕರಿಗೆ ಅವನು ಗುಹೆಗಳನ್ನು ದಾನ ಮಾಡಿದ್ದಕ್ಕೆ ಸಾಕ್ಷಿಯಾಗಿವೆ.

ಕಳಿಂಗದ ಕ್ರೌರ್ಯ ಮಾತ್ರ ಕಟ್ಟುಕಥೆಯಲ್ಲ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ ನಡೆದ ಆ ಯುದ್ಧದಲ್ಲಿ ಒಂದೂವರೆ ಲಕ್ಷ ಜನ ಸೆರೆಯಾಗಿ ನೆಲೆ ಕಳೆದುಕೊಂಡರು, ಒಂದು ಲಕ್ಷ ಜನ ಹತರಾದರು, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಸತ್ತರು ಎಂದು ಹದಿಮೂರನೆಯ ಬಂಡೆಶಾಸನದಲ್ಲಿ ಗೆದ್ದವನೇ ಹೇಳಿಕೊಂಡಿದ್ದಾನೆ. ತಾನು ಗೆದ್ದ ಯುದ್ಧದ ಸಾವುನೋವಿಗೆ ದೊರೆಯೊಬ್ಬ ಹೀಗೆ ಬಹಿರಂಗವಾಗಿ ಮರುಗಿದ್ದು ಪ್ರಾಚೀನ ಜಗತ್ತಿನಲ್ಲಿ ತೀರ ಅಪರೂಪ. ಅದನ್ನು ಬರಿಯ ರಾಜತಂತ್ರವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಅದೇ ಶಾಸನ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ: ಪಶ್ಚಾತ್ತಾಪಪಟ್ಟರೂ ದೊರೆಗೆ ದಂಡಿಸುವ ಶಕ್ತಿಯಿದೆ, ಸಾಯಬಾರದೆಂದಿದ್ದರೆ ಅವರು ತಿದ್ದಿಕೊಳ್ಳಬೇಕು.

ಈ ಶಾಸನ ಇಲ್ಲದಿರುವ ಜಾಗಗಳೂ ಗಮನಾರ್ಹ. ಕಳಿಂಗದ ಧೌಲಿ, ಜೌಗಡಗಳಲ್ಲಿ ಅದನ್ನು ಕೈಬಿಟ್ಟು ಬೇರೆ ಎರಡು ಶಾಸನಗಳನ್ನು ಕೆತ್ತಿಸಲಾಗಿದೆ. ಪ್ರಜೆಗಳೆಲ್ಲ ತನ್ನ ಮಕ್ಕಳೆನ್ನುವ ಮಾತು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡದಂತೆ ಅಧಿಕಾರಿಗಳಿಗೆ ಕೊಟ್ಟ ಕಟ್ಟಪ್ಪಣೆ ಇರುವುದು ಅವುಗಳಲ್ಲಿ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲಾಫಲಕದಲ್ಲಿಯೂ ಹನ್ನೆರಡನೆಯದರ ಬೆನ್ನಿಗೇ ಹದಿನಾಲ್ಕನೆಯದು ಬರುತ್ತದೆ. ಕಳಿಂಗದ ಆ ಎರಡು ಶಾಸನಗಳೂ ಅಲ್ಲಿವೆ. ಕಳಿಂಗದಲ್ಲಂತೂ ಸೋತವರ ಕಣ್ಣೆದುರು ಅವರ ಸಾವಿನ ಲೆಕ್ಕವನ್ನು ನಿಲ್ಲಿಸಲು ಅವನು ಹಿಂಜರಿದಿರಬೇಕು. ಈ ಸಂಕೋಚದಲ್ಲಿ ನಾಚಿಕೆಯೂ ಇದ್ದೀತು, ದಂಗೆಯ ಭಯವೂ ಇದ್ದೀತು.

ಮುಂದಿನ ಆಡಳಿತದಲ್ಲಿಯೂ ಇದೇ ಬೆರಕೆ. ಅರಮನೆಯ ಅಡುಗೆಮನೆಗಾಗಿ ದಿನವೂ ಸಾಯುತ್ತಿದ್ದ ಲಕ್ಷಾಂತರ ಪ್ರಾಣಿಗಳ ಬದಲು ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ ಸಾಯುತ್ತವೆ ಎಂದು ಮೊದಲನೆಯ ಬಂಡೆಶಾಸನ ಹೇಳುತ್ತದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದಾಗಿನ ಸ್ತಂಭಶಾಸನಗಳಲ್ಲಿ ಮರಣದಂಡನೆ ಹಾಗೆಯೇ ಉಳಿದಿದೆ. ಶಿಕ್ಷೆಗೊಳಗಾದವರಿಗೆ ಮೂರು ದಿನಗಳ ಗಡುವು ಸಿಗುತ್ತಿತ್ತು. ಆ ಅವಧಿಯಲ್ಲಿ ಬಂಧುಗಳು ಜೀವದಾನಕ್ಕೆ ಮೊರೆಯಿಡಬಹುದಿತ್ತು.

ಅಶೋಕ ರಾಜ್ಯದ ಹಿಂಸಾಶಕ್ತಿಯನ್ನು ಬಿಟ್ಟುಕೊಡಲಿಲ್ಲ, ಅದಕ್ಕೆ ಮಿತಿ ಹಾಕಿದ. ಆ ಮಿತಿಗಾಗಿ ಅವನನ್ನು ವಿವೇಕಿ ಎನ್ನಬೇಕು. ಕಳಿಂಗಕ್ಕೆ ಸ್ವಾತಂತ್ರ್ಯವನ್ನು ಮರಳಿ ಕೊಟ್ಟ ಮಾತಾಗಲಿ, ನೆಲೆ ಕಳೆದುಕೊಂಡ ಆ ಒಂದೂವರೆ ಲಕ್ಷ ಜನರನ್ನು ಊರಿಗೆ ಕಳಿಸಿದ ಮಾತಾಗಲಿ ದೊರೆತಿರುವ ಅವನ ಯಾವ ಶಾಸನದಲ್ಲಿಯೂ ಇಲ್ಲ.