ಇನ್ಸುಲಿನ್ ಕಥೆಯಲ್ಲಿ ಬಿಟ್ಟುಹೋದ ಒಂದು ಹೆಸರು

ಅಮ್ಮನಿಗೆ ಸಕ್ಕರೆ ಕಾಯಿಲೆ. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಕರಿಬೇವಿನ ಪೊಟ್ಟಣದ ಪಕ್ಕ ಇನ್ಸುಲಿನ್ ಸದಾ ಇರುತ್ತದೆ. ಮೊನ್ನೆ ಸೂಜಿ ಚುಚ್ಚಿಕೊಳ್ಳುತ್ತಾ, "ಇದನ್ನ ಕಂಡುಹಿಡಿದ ಪುಣ್ಯಾತ್ಮ ಯಾರೋ?" ಅಂದಳು. ಶಾಲೆಯಲ್ಲಿ ಓದಿದ್ದು ನೆನಪಿತ್ತು. "ಕೆನಡಾದ ಬ್ಯಾಂಟಿಂಗ್" ಅಂದೆ.

ಆಮೇಲೆ ಓದುತ್ತಾ ಹೋದಾಗ ಇನ್ನೊಂದು ಹೆಸರು ಸಿಕ್ಕಿತು: ನಿಕೊಲಾಯೆ ಪೌಲೆಸ್ಕು. ರೊಮೇನಿಯಾದವನು. ಆ ದೇಶ ಅಂದರೆ ನನಗೆ ಗೊತ್ತಿದ್ದದ್ದು ಡ್ರಾಕುಲಾ, ಮತ್ತೆ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದ ನಾದಿಯಾ ಕೊಮನೇಚಿ, ಅಷ್ಟೇ!

1869ರಲ್ಲಿ ಬುಖಾರೆಸ್ಟಿನಲ್ಲಿ ಹುಟ್ಟಿದ ಪೌಲೆಸ್ಕು, ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಿ, ಊರಿಗೆ ಮರಳಿ ಶರೀರಶಾಸ್ತ್ರದ ಪ್ರೊಫೆಸರ್ ಆದ. 1916ರಲ್ಲಿ ಮೇದೋಜೀರಕ ಗ್ರಂಥಿಯ ಸಾರವನ್ನು ಸಕ್ಕರೆ ಕಾಯಿಲೆಯ ನಾಯಿಗೆ ಚುಚ್ಚಿ, ರಕ್ತದ ಸಕ್ಕರೆ ಇಳಿಯುವುದನ್ನು ಕಂಡ. ಅಷ್ಟರಲ್ಲಿ ಯುದ್ಧ ಬಂತು, ಜರ್ಮನ್ ಸೇನೆ ಬುಖಾರೆಸ್ಟನ್ನು ಹಿಡಿಯಿತು, ಕೆಲಸ ನಿಂತಿತು. ಕೊನೆಗೆ 1921ರ ಆಗಸ್ಟ್ 31ರಂದು ಅವನ ದೀರ್ಘ ಪ್ರಬಂಧ ಅಚ್ಚಾಯಿತು. ಆ ಸಾರಕ್ಕೆ ಅವನಿಟ್ಟ ಹೆಸರು ಪಾಂಕ್ರಿಯೈನ್.

ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಯೋಗ ಶುರುಮಾಡಿದ್ದು ಅದೇ 1921ರ ಬೇಸಿಗೆಯಲ್ಲಿ. ಅವರ ಪ್ರಬಂಧ ಬಂದದ್ದು 1922ರ ಫೆಬ್ರವರಿಯಲ್ಲಿ. ಅದರಲ್ಲಿ ಪೌಲೆಸ್ಕುವಿನ ಹೆಸರೇನೋ ಇದೆ, ಆದರೆ ಅವನ ಫಲಿತಾಂಶವನ್ನು ತಪ್ಪಾಗಿ ಹೇಳಿದ್ದಾರೆ! 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್‌ಗೆ ಹೋಯಿತು. ಹಾಗಂತ ಟೊರಾಂಟೊದವರನ್ನು ಕಳ್ಳರೆನ್ನಲಾಗದು. ಸಾರವನ್ನು ಮನುಷ್ಯರಿಗೆ ಕೊಡುವಷ್ಟು ಶುದ್ಧಮಾಡಿದ್ದು ಅಲ್ಲಿನ ಕಾಲಿಪ್. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗ ಚೇತರಿಸಿಕೊಂಡದ್ದು ಆ ಔಷಧಿಯಿಂದ.

ಇಷ್ಟು ಓದುವಾಗ 'ಪಾಪ, ಎಂಥ ಅನ್ಯಾಯ!' ಅಂತ ಹೊಟ್ಟೆ ಉರಿಯಿತು. ಮುಂದಿನ ಪುಟ ಓದಿದಾಗ ಅದು ತಣ್ಣಗಾಯಿತು.

ಇದೇ ಪೌಲೆಸ್ಕು ಉಗ್ರ ಯೆಹೂದಿ ದ್ವೇಷಿ. ರಾಜಕಾರಣಿ ಎ.ಸಿ. ಕುಜಾನ ಜೊತೆ ಸೇರಿ ಯೆಹೂದಿ ವಿರೋಧಿ ಸಂಘಟನೆ ಕಟ್ಟಿದ. ದ್ವೇಷಕ್ಕೆ ವಿಜ್ಞಾನದ ಬಣ್ಣ ಬಳಿದು ಪುಸ್ತಕಗಳನ್ನು ಬರೆದ. ಪ್ರೊಫೆಸರ್ ಹೇಳಿದರೆ ಜನ ನಂಬುತ್ತಾರಲ್ಲ! 1931ರಲ್ಲಿ ಅವನು ಸತ್ತ. ಹತ್ತು ವರ್ಷದ ನಂತರ, 1941ರ ಜೂನಿನಲ್ಲಿ, ಅದೇ ದೇಶದ ಯಾಶ್ ಪಟ್ಟಣದಲ್ಲಿ ಸಾವಿರಾರು ಯೆಹೂದಿಗಳ ಕೊಲೆಯಾಯಿತು. ಅಂಥ ದ್ವೇಷವನ್ನು ಬಿತ್ತಿದವರಲ್ಲಿ ಇವನೂ ಒಬ್ಬ.

1990ರಲ್ಲಿ ರೊಮೇನಿಯನ್ ಅಕಾಡೆಮಿ ಅವನಿಗೆ ಮರಣೋತ್ತರ ಸದಸ್ಯತ್ವ ಕೊಟ್ಟಿತು. 2003ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಅವನ ಪ್ರತಿಮೆ ಅನಾವರಣ ಆಗಬೇಕಿತ್ತು. ಸೈಮನ್ ವೀಸೆಂತಾಲ್ ಕೇಂದ್ರ ಪ್ರತಿಭಟಿಸಿತು, ಸಮಾರಂಭ ರದ್ದಾಯಿತು. ವಿಶ್ವ ಮಧುಮೇಹ ದಿನವನ್ನು ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ರಂದೇ ಆಚರಿಸುತ್ತೇವೆ.

ನನಗನ್ನಿಸುವುದು ಇಷ್ಟು: ಇನ್ಸುಲಿನ್ ಇತಿಹಾಸ ಬರೆಯುವಾಗ ಪೌಲೆಸ್ಕು ಹೆಸರು ಇರಲೇಬೇಕು. ಅದು ಲೆಕ್ಕ, ಲೆಕ್ಕ ಸರಿಯಾಗಿರಬೇಕು. ಹಾರ ಹಾಕುವುದು ಬೇರೆ ಮಾತು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪುಣ್ಯಾತ್ಮ ಅನ್ನೋ ಮಾತು ವಾಪಸ್ ತಗೋತೀನಿ ಬಿಡು" ಅಂದು ಇನ್ಸುಲಿನ್ ಫ್ರಿಜ್ಜಿಗಿಟ್ಟಳು.

ನೀವೇನಂತೀರಿ?