ನೀರಿಗೂ ನೀರಿಗೂ ನಡುವಿನ ಗಡಿ

ಗಡಿನಾಡಿನವರಾದ ನಮಗೆ 1956 ಅಂದ್ರೆ ರಾಜ್ಯಗಳ ಪುನರ್ವಿಂಗಡಣೆ. ನಾನಿವತ್ತು ಹೇಳುವ ಗಡಿ ಬೇರೆ, ಅದು ಗಾಜಿನ ನಳಿಗೆಯೊಳಗಿನದು.

1896ರಲ್ಲಿ ಹಾಲೆಂಡಿನ ಬೆಯರಿಂಕ್ ಪಿಷ್ಟದ ದ್ರಾವಣಕ್ಕೆ ಜೆಲಾಟಿನ್ ದ್ರಾವಣ ಸೇರಿಸಿದರು. ಎರಡೂ ಬಹುಪಾಲು ನೀರೇ, ಆದರೂ ಬೆರೆಯಲಿಲ್ಲ. ಒಂದು ಇನ್ನೊಂದರೊಳಗೆ ಹನಿಹನಿಯಾಗಿ ನಿಂತಿತು. 1947ರಲ್ಲಿ ದೋಬ್ರಿ ಮತ್ತು ಬೊಯೆರ್-ಕಾವೆನೋಕಿ 35 ಪಾಲಿಮರ್ ಜೋಡಿಗಳನ್ನು ಪರೀಕ್ಷಿಸಿದಾಗ ಒಂದಾಗಿ ಉಳಿದದ್ದು ಬರೀ ನಾಲ್ಕು. ಅಣು ಉದ್ದವಾದಷ್ಟೂ ಬೆರೆಯುವುದರಿಂದ ಸಿಗುವ ಎಂಟ್ರೊಪಿ ಕಡಿಮೆ. ಆಗ ಸಣ್ಣ ಮುನಿಸೂ ಸಾಕು, ಬೇರೆಯಾಗಲಿಕ್ಕೆ.

ಸ್ವೀಡನ್ನಿನ ಉಪ್ಸಾಲದಲ್ಲಿ ಆಲ್ಬರ್ಟ್‌ಸನ್ ಇಂಥ ಪದರಗಳಲ್ಲಿ ಜೀವಕೋಶಗಳನ್ನೂ ಅವುಗಳ ತುಣುಕುಗಳನ್ನೂ ಬೇರ್ಪಡಿಸಿ 1956ರಲ್ಲೇ ಪ್ರಕಟಿಸಿದರು. ಮುಂದೆ ಹೆಸರಾದ ಜೋಡಿ ಡೆಕ್ಸ್ಟ್ರಾನ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್. ಕೋಶ ಯಾಕೆ ಹಾಳಾಗಲಿಲ್ಲ? ಪದರ ಎರಡೂ ನೀರಿನವು, ಗಡಿಯ ಎಳೆತವೂ ತೀರಾ ಮೆದು. ನೀರು-ಗಾಳಿ ನಡುವೆ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ನೀರು-ಬೆಂಜೀನ್ ನಡುವೆ 35ರ ಆಸುಪಾಸು, ಇಲ್ಲಿ 0.1ರಿಂದ 0.0001ರವರೆಗೆ ಇಳಿಯುತ್ತದೆ.

ಇಷ್ಟು ಕಡಿಮೆಯನ್ನು ಉಂಗುರ ಎತ್ತಿ ಅಳೆಯಲಿಕ್ಕೆ ಆಗೋದಿಲ್ಲ. 1942ರಲ್ಲಿ ಬರ್ನಾರ್ಡ್ ವಾನೆಗಟ್ ವಿವರಿಸಿದ ತಿರುಗು-ಹನಿ ವಿಧಾನ ಬೇಕಾಯಿತು (ಕಾದಂಬರಿಕಾರ ಕರ್ಟ್ ವಾನೆಗಟ್ ಇವರ ತಮ್ಮ). ತಿರುಗುವ ನಳಿಗೆಯಲ್ಲಿ ಹಗುರ ದ್ರವದ ಹನಿ ಸೌತೆಕಾಯಿಯಂತೆ ಉದ್ದವಾಗುತ್ತದೆ. ಅದರ ದಪ್ಪ, ತಿರುಗುವ ವೇಗ, ಎರಡು ದ್ರವಗಳ ಸಾಂದ್ರತೆಯ ವ್ಯತ್ಯಾಸ ಗೊತ್ತಾದರೆ ಎಳೆತ ಲೆಕ್ಕಕ್ಕೆ ಸಿಕ್ಕಿತು.

ರೂಡೇನ್ ಮತ್ತು ಆಲ್ಬರ್ಟ್‌ಸನ್ ಡೆಕ್ಸ್ಟ್ರಾನ್ ಜೋಡಿಯ ಈ ಅಳತೆಗಳನ್ನು ಪ್ರಕಟಿಸಿದ್ದು 1971ರಲ್ಲಿ. ಕೋಶಗಳು ಬೇರೆಯಾಗಿ 15 ವರ್ಷ ಆಗಿತ್ತು ನೋಡಿ. ಹಾಗಾಗಿ ಇದನ್ನು ಸಿದ್ಧಾಂತದ ಅನ್ವಯ ಅಂತ ಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ.