ಮೈಸೂರು ಅರಸರ ದುಡ್ಡು, ಮೆಟ್ನರ್ ಪಿಯಾನೊ

ಹಿಡಕಲ್ ಡ್ಯಾಮಿನ ಪಕ್ಕ ಕೂತು ರಷ್ಯನ್ ಪಿಯಾನೊ ಕೇಳೋದು ವಿಚಿತ್ರ ಅನ್ನಿಸಬಹುದು. ಆದರೆ ಈ ಸಂಗೀತಕ್ಕೂ ಕನ್ನಡ ನಾಡಿಗೂ ಒಂದು ನಂಟಿದೆ.

ನಿಕೊಲಾಯ್ ಮೆಟ್ನರ್ (1880-1951) ಮಾಸ್ಕೋದವರು. ರಷ್ಯಾ ಬಿಟ್ಟು ಕೊನೆಗೆ ಲಂಡನ್‌ನಲ್ಲಿ ನೆಲೆಸಿದ್ದರು. ಕೇಳುವವರು ಕಡಿಮೆ, ಕೈಯಲ್ಲಿ ಕಾಸಿಲ್ಲ, ಹೃದಯದ ಕಾಯಿಲೆ ಬೇರೆ. ಆಗ ನೆರವಿಗೆ ಬಂದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ('ನಮ್ಮ' ಅಂದೆ, ಆದರೆ 1956ರ ತನಕ ಬೆಳಗಾವಿ ಜಿಲ್ಲೆ ಇದ್ದದ್ದು ಮುಂಬಯಿ ಕಡೆ!) ಅವರ ದುಡ್ಡಿನಿಂದ ಎಚ್‌ಎಂವಿ ಕಂಪನಿ 1947ರಿಂದ ಮೆಟ್ನರ್ ಕೃತಿಗಳನ್ನು ಮೆಟ್ನರ್ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿತು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಅರಸರಿಗೇ ಅರ್ಪಿಸಿದರು.

ನಾನು ಹೋಲಿಸಿ ಕೇಳಿದ್ದು ಸೊನಾಟಾ-ಬಲ್ಲಾಡ್, ಓಪಸ್ 27. ಒಂದು ಆ ಕಾಲದ ಮೆಟ್ನರ್ ರೆಕಾರ್ಡ್, ಇನ್ನೊಂದು ಮಾರ್ಕ್-ಆಂಡ್ರೆ ಹಾಮ್ಲಿನ್ ಅವರದು, 1998ರಲ್ಲಿ ಬಂದದ್ದು. ಹಾಮ್ಲಿನ್ ಕೈ ಬಹಳ ನುಣುಪು, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಕೊನೆಯ ಭಾಗದಲ್ಲಿ ಒಂದೇ ಧಾಟಿ ಬೇರೆ ಬೇರೆ ದನಿಗಳಲ್ಲಿ ಬೆನ್ನಟ್ಟಿಕೊಂಡು ಬರುತ್ತದಲ್ಲ, ಅದನ್ನು ಇವರಲ್ಲೇ ಕೇಳಬೇಕು.

ಮೆಟ್ನರ್‌ದು 78 ಆರ್‌ಪಿಎಂ ಕಾಲದ್ದು. ಬರೀ ಚರಚರ ಸದ್ದು, ನಾಲ್ಕೈದು ನಿಮಿಷಕ್ಕೊಮ್ಮೆ ಪ್ಲೇಟು ತಿರುಗಿಸಬೇಕಿತ್ತು. ವಯಸ್ಸೂ ಅರವತ್ತೈದು ದಾಟಿತ್ತು. ಆದರೂ ಮೊದಲ ಧಾಟಿಯನ್ನು ಅವರು ಎಲ್ಲೂ ಎಳೆದಾಡುವುದಿಲ್ಲ. ಜಗಲಿಯಲ್ಲಿ ಕೂತು ಕತೆ ಹೇಳುವವರ ಹಾಗೆ ಸುಮ್ಮನೆ ಮುಂದೆ ಹೋಗುತ್ತಾರೆ. ನನ್ನ ಓಟು ಇದಕ್ಕೇ. ಈ ನಡೆಯನ್ನು ಸ್ವರಲಿಪಿಯಲ್ಲಿ ಬರೆದಿಡಲು ಆಗುವುದಿಲ್ಲ. ಅರಸರು ದುಡ್ಡು ಕೊಡದಿದ್ದರೆ ಇದು ಮೆಟ್ನರ್ ಜೊತೆಗೇ ಹೋಗಿಬಿಡುತ್ತಿತ್ತು.

ನೀವು ಕೇಳುವುದಾದರೆ ಮೊದಲು ಹಾಮ್ಲಿನ್, ಆಮೇಲೆ ಮೆಟ್ನರ್. ಹೆಡ್‌ಫೋನ್ ಹಾಕಿಕೊಂಡರೆ ಒಳ್ಳೆಯದು.